ಟ್ಯಾಂಕಿನ ಒಳಗೆ ಇಳಿದವರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿನ್ನೆಯಿಂದ ಇಲ್ಲಿ ಡಾಕ್ಟರಾದವರು, ಇಂಜಿನಿಯರಾದವರು, ತಹಶೀಲ್ದಾರರಾದವರು ಮಾತಾಡಿದ್ದಾರೆ. ನಾನು ಮೆಕ್ಯಾನಿಕ್. ಸಮಿತಿಯವರು ಫೋನ್ ಮಾಡಿ, "ನಿಮ್ಮ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಇಲ್ಲ. ನಲವತ್ತೆರಡು ವರ್ಷ ಡೀಸೆಲು, ಪೆಟ್ರೋಲು, ಸೀಮೆಎಣ್ಣೆಯ ಜೊತೆ ಬಾಳಿದ್ದೇನೆ, ಅದರ ಬಗ್ಗೆ ಮಾತಾಡಲೇ ಅಂತ ಕೇಳಿದೆ. ಒಪ್ಪಿದರು. ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಈ ಶಾಲೆ ಶುರುವಾದದ್ದು 1975ರಲ್ಲಿ. ನಾನು ಎಂಟನೇ ತರಗತಿಗೆ ಸೇರಿದ್ದು 1978ರಲ್ಲಿ. ಆಗ ಹೆಂಚಿನ ಮೂರು ಕೊಠಡಿ, ಒಂದು ಹುಣಸೆಮರ. ನನ್ನ ಬೆಂಚಿನಲ್ಲಿ ಕೂರುತ್ತಿದ್ದವನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಬೇಡಿ ಅಂತ ಅವರ ಮನೆಯವರು ಕೇಳಿಕೊಂಡಿದ್ದಾರೆ. ನಮ್ಮ ಬ್ಯಾಚಿನವರಿಗೆ ಗೊತ್ತೇ ಇದೆ. 1981ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಅವನು ಪಾಸು, ನಾನು ಗಣಿತದಲ್ಲಿ ನಪಾಸು. ಇಬ್ಬರೂ ಹೋಗಿ ಸೇರಿದ್ದು ಮಾತ್ರ ಹೆದ್ದಾರಿ ಪಕ್ಕದ ಒಂದೇ ಗ್ಯಾರೇಜಿಗೆ.

ಗ್ಯಾರೇಜಿನಲ್ಲಿ ಮೊದಲ ಪಾಠ ಏನು ಗೊತ್ತೆ? ಪೈಪು ಬಾಯಲ್ಲಿಟ್ಟು ಪೆಟ್ರೋಲು ಎಳೆಯುವುದು. ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಪೈಪು ಡಬ್ಬಕ್ಕೆ ಬಿಡಬೇಕು. ತಡವಾದರೆ ಒಂದು ಗುಟುಕು ಒಳಗೆ. ಕೆಮ್ಮಿ ಕಣ್ಣಲ್ಲಿ ನೀರು ಬಂದರೆ ಮೇಸ್ತ್ರಿ ನಗುತ್ತಿದ್ದರು. ಎರಡನೆಯ ಪಾಠ, ಸಂಜೆ ಪೆಟ್ರೋಲಿನಲ್ಲಿ ಕೈ ತೊಳೆಯುವುದು. ಗ್ರೀಸು ಸೋಪಿಗೆ ಹೋಗುವುದಿಲ್ಲ, ಪೆಟ್ರೋಲಿಗೆ ಒಂದೇ ಕ್ಷಣದಲ್ಲಿ ಹೋಗುತ್ತದೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು. ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲು ಬಂದದ್ದು 2000ದ ಫೆಬ್ರವರಿಯಲ್ಲಿ. ಅಂದರೆ ನಾನೂ ನನ್ನ ಗೆಳೆಯನೂ ಸುಮಾರು ಹತ್ತೊಂಬತ್ತು ವರ್ಷ ಸೀಸದ ಪೆಟ್ರೋಲಿನಲ್ಲಿ ಕೈ ತೊಳೆದುಕೊಂಡೇ ಊಟಕ್ಕೆ ಕೂತವರು. ಪೆಟ್ರೋಲಿಗೆ ಹಾಕುತ್ತಿದ್ದ ಸೀಸದ ಆ ಸಂಯುಕ್ತ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ನಮಗೆ ಯಾರೂ ಹೇಳಲಿಲ್ಲ. ಮೇಸ್ತ್ರಿಗೂ ಯಾರೂ ಹೇಳಿರಲಿಲ್ಲ. ಅವರ ಕೈ ನಮ್ಮ ಕೈಗಿಂತ ಹೆಚ್ಚು ಬಿರುಕು ಬಿಟ್ಟಿತ್ತು.

1986ರಲ್ಲಿ ಇಬ್ಬರೂ ಬೇರೆ ಊರಿನ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಸೇರಿದೆವು. ಲಾರಿಗಳ ಜೊತೆ ಎಣ್ಣೆ ಟ್ಯಾಂಕರುಗಳೂ ರಿಪೇರಿಗೆ ಬರುತ್ತಿದ್ದವು. ಆ ವರ್ಕ್‌ಶಾಪಿನ ಹೆಸರು ಬೇಡ. ಅನ್ನ ಕೊಟ್ಟ ಜಾಗ. ಅಲ್ಲದೆ ಅಲ್ಲಿ ನಡೆದದ್ದರಲ್ಲಿ ನನ್ನ ಪಾಲೂ ಇದೆ.

ಟ್ಯಾಂಕರ್ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲೆ ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ಇಳಿಯುವಷ್ಟು ಬಾಯಿ. ಎಣ್ಣೆ ಖಾಲಿ ಮಾಡಿ, ನೀರು ತುಂಬಿ ಬಿಟ್ಟು, ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಹುಡುಗರು ಒಳಗೆ ಇಳಿಯುತ್ತಾರೆ. ತಳದಲ್ಲಿ ಮಡ್ಡಿ ಕೂತಿರುತ್ತದೆ. ತಗಡಿನ ಚೂರಿನಲ್ಲಿ ಕೆರೆದು ಬಕೆಟ್ಟಿಗೆ ತುಂಬಿ ಮೇಲೆ ಕೊಡಬೇಕು. ನೀರು ಹಾಕಿದ ಮಾತ್ರಕ್ಕೆ ಪೆಟ್ರೋಲಿನ ಆವಿ ಹೋಗಿಬಿಡುವುದಿಲ್ಲ. ಅದು ಗಾಳಿಗಿಂತ ಭಾರ. ತಳದಲ್ಲೇ ನಿಲ್ಲುತ್ತದೆ. ಮಡ್ಡಿ ಕೆದಕಿದಷ್ಟೂ ಹೊಸದಾಗಿ ಏಳುತ್ತದೆ. ನಾವು ತಲೆ ಬಗ್ಗಿಸಿ ಕೆರೆಯುವುದೂ ಅದೇ ತಳದಲ್ಲಿ. ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಸಾಂದ್ರತೆ ಪಾಠ ಮಾಡಿದ್ದರು. ಸಾರ್, ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಪಾಠ ಚೆನ್ನಾಗಿಯೇ ಮಾಡಿದ್ದಿರಿ. ಟ್ಯಾಂಕಿನೊಳಗೆ ಅದು ನನಗೆ ನೆನಪಾಗಲಿಲ್ಲ, ಅಷ್ಟೆ.

ಒಳಗೆ ಹೋದ ಹತ್ತು ನಿಮಿಷಕ್ಕೆ ವಾಸನೆ ಗೊತ್ತಾಗುವುದು ನಿಲ್ಲುತ್ತದೆ. ಆಗ "ಗಾಳಿ ಸರಿಹೋಯ್ತು" ಅಂತ ನಾವು ಅಂದುಕೊಳ್ಳುತ್ತಿದ್ದೆವು. ಗಾಳಿ ಸರಿಹೋಗಿರುವುದಿಲ್ಲ, ಮೂಗು ಸೋತಿರುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಹಗುರ, ಒಂಥರಾ ಮತ್ತು, ಕಾರಣವಿಲ್ಲದೆ ನಗು. ಹೊರಗೆ ಬಂದರೆ ತಲೆನೋವು, ವಾಕರಿಕೆ, ರಾತ್ರಿ ಊಟ ಸೇರುವುದಿಲ್ಲ. ಮದ್ದು ಅಂದರೆ ಬೆಲ್ಲ ಮತ್ತು ಹಾಲು. ಹಾಲು ಕುಡಿದರೆ ಪೆಟ್ರೋಲಿನ ನಂಜು ಇಳಿಯುತ್ತದೆ ಅಂತ ಎಲ್ಲರೂ ನಂಬಿದ್ದರು. ಉಸಿರಿನಲ್ಲಿ ಹೋಗಿ ರಕ್ತಕ್ಕೆ ಸೇರಿದ್ದನ್ನು ಹೊಟ್ಟೆಗೆ ಕುಡಿದ ಹಾಲು ಏನು ಮಾಡೀತು?

1998ರಲ್ಲಿ ನನ್ನನ್ನು ಫೋರ್‌ಮನ್ ಮಾಡಿದರು. 2003ರ ಮಳೆಗಾಲದಲ್ಲಿ ನಡೆದದ್ದನ್ನು ಇಷ್ಟು ಜನರ ಮುಂದೆ ಮೊದಲ ಸಲ ಹೇಳುತ್ತಿದ್ದೇನೆ. ಉತ್ತರ ಕರ್ನಾಟಕದ ಕಡೆಯ ಹುಡುಗ, ಹತ್ತೊಂಬತ್ತು ವಯಸ್ಸು. ಟ್ಯಾಂಕಿನಿಂದ ಮೇಲೆ ಬಂದವನು ತೂರಾಡುತ್ತಿದ್ದ, ನಗುತ್ತಿದ್ದ. ಎಲ್ಲರೂ "ಏನ್ಲಾ, ಕುಡಿದಿದ್ದೀಯಾ" ಅಂತ ತಮಾಷೆ ಮಾಡಿದರು. ನಾನೂ ಮಾಡಿದೆ. ಅವನು, "ಸಾರ್, ಎದೆ ಒಂಥರಾ ಆಗ್ತೈತ್ರಿ" ಅಂದ. ಗಾಡಿ ಸಂಜೆಗೆ ಕೊಡಬೇಕಿತ್ತು. ಹಾಲು ತರಿಸಿ ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಇಳಿಸಿದೆ. ಐದು ನಿಮಿಷಕ್ಕೆ ಒಳಗಿನಿಂದ ಸದ್ದಿಲ್ಲ. ಇಣುಕಿ ನೋಡಿದರೆ ಮಡ್ಡಿಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದಾನೆ. ನಾನು ಕೂಗುತ್ತಾ ನಿಂತೆ. ನನ್ನ ಬೆಂಚಿನ ಗೆಳೆಯ ಒದ್ದೆ ಟವೆಲು ಮೂಗಿಗೆ ಕಟ್ಟಿಕೊಂಡು ಇಳಿದು, ಅವನ ಕಂಕುಳಿಗೆ ಹಗ್ಗ ಹಾಕಿದ. ನಾವು ಎಳೆದೆವು. ಹುಡುಗ ಉಳಿದ. ಗೆಳೆಯ ಮೇಲೆ ಬಂದು ಅರ್ಧ ಗಂಟೆ ವಾಂತಿ ಮಾಡಿದ. ಹೀಗೆ ಕಾಪಾಡಲು ಇಳಿದವರೇ ಟ್ಯಾಂಕಿನಲ್ಲಿ, ಬಾವಿಯಲ್ಲಿ, ಗುಂಡಿಯಲ್ಲಿ ಸಾಯುವುದು ಹೆಚ್ಚು. ಒದ್ದೆ ಟವೆಲಿನಿಂದ ಆವಿ ನಿಲ್ಲುವುದಿಲ್ಲ ಅಂತ ಅವತ್ತು ನಮಗೆ ಗೊತ್ತಿರಲಿಲ್ಲ. ಆ ದಿನ ಇಬ್ಬರು ಹೋಗಬೇಕಿತ್ತು, ಯಾರೂ ಹೋಗಲಿಲ್ಲ. ಹುಡುಗ ಮುಂದಿನ ವಾರ ಹೇಳದೆ ಊರಿಗೆ ಹೋದ. ಈಗ ಎಲ್ಲಿದ್ದಾನೋ. ಅವನ ವಿಳಾಸವನ್ನೂ ನಾವು ಸರಿಯಾಗಿ ಬರೆದಿಟ್ಟಿರಲಿಲ್ಲ.

ಗೆಳೆಯನಿಗೆ 2009ರಲ್ಲಿ ಸುಸ್ತು ಶುರುವಾಯಿತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಕಾಲಿನ ಮೇಲೆ ಕಾರಣವಿಲ್ಲದೆ ನೀಲಿ ಕಲೆ. ಮೂರು ನಾಲ್ಕು ಕಡೆ ತೋರಿಸಿದ. ಟಾನಿಕ್ಕು, ಕಬ್ಬಿಣದ ಮಾತ್ರೆ, ಜ್ವರದ ಮಾತ್ರೆ. ಕೊನೆಗೆ ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋದಾಗ ರಕ್ತದ ಕ್ಯಾನ್ಸರ್ ಅಂದರು. ಅಲ್ಲಿ ಒಬ್ಬ ವಯಸ್ಸಾದ ವೈದ್ಯರು ಅವನ ಕೈ ಹಿಡಿದು ತಿರುಗಿಸಿ ನೋಡಿ, "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಇಟಲಿಯ ರಮಾಜಿನಿ ಎಂಬ ವೈದ್ಯ 1700ರಲ್ಲೇ ಕುಶಲಕರ್ಮಿಗಳ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ರೋಗಿಯ ಉದ್ಯೋಗ ಯಾವುದು ಅಂತ ತಪ್ಪದೆ ಕೇಳಿ ಅಂತ ವೈದ್ಯರಿಗೆ ಹೇಳಿದ್ದನಂತೆ. ಇದು ನನ್ನ ಮಗಳು ಹೇಳಿದ್ದು. ಅವಳೂ ಇದೇ ಶಾಲೆಯವಳು.

ಪೆಟ್ರೋಲಿನಲ್ಲಿ ಬೆಂಜೀನ್ ಎಂಬುದು ಇರುತ್ತದೆ. ಉಸಿರಿನಿಂದ ರಕ್ತಕ್ಕೆ, ಅಲ್ಲಿಂದ ಮೂಳೆಯ ಒಳಗಿನ ಮಜ್ಜೆಗೆ ಹೋಗುತ್ತದೆ. ಮೈಯಲ್ಲಿ ರಕ್ತ ತಯಾರಾಗುವ ಜಾಗವೇ ಅದು. ವರ್ಷಗಟ್ಟಲೆ ಹೋದರೆ ಅಲ್ಲಿ ಕೆಲಸ ಕೆಡುತ್ತದೆ. ಮೊದಲು ರಕ್ತಕಣ ಕಡಿಮೆಯಾಗಬಹುದು, ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಈಗ ಬೆಂಜೀನ್ ಶೇಕಡಾ 1ನ್ನು ಮೀರಬಾರದು ಅಂತ ನಿಯಮವಿದೆ. ಒಂದು ಕಾಲದಲ್ಲಿ ಶೇಕಡಾ 5ರವರೆಗೂ ಬಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು, 2025ರಲ್ಲಿ ಪೆಟ್ರೋಲನ್ನೇ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಡೀಸೆಲ್ ಹೊಗೆಯಿಂದ ಮುಖ್ಯವಾಗಿ ಶ್ವಾಸಕೋಶಕ್ಕೆ, ಪೆಟ್ರೋಲಿನಿಂದ ರಕ್ತಕ್ಕೆ ಮತ್ತು ಮೂತ್ರಕೋಶಕ್ಕೆ.

ಗೆಳೆಯನ ಕಾಯಿಲೆ ಟ್ಯಾಂಕಿನಿಂದಲೇ ಬಂತು ಅಂತ ನಾನು ಹೇಳಲಾರೆ. ಆ ವೈದ್ಯರೂ ಹೇಳಲಿಲ್ಲ. "ಇರಬಹುದು, ಒಬ್ಬರ ವಿಷಯದಲ್ಲಿ ಖಚಿತವಾಗಿ ಹೇಳೋಕಾಗಲ್ಲ" ಅಂದರು. ಆ ಮಾತನ್ನೇ ಬರೆದುಕೊಡಿ ಅಂತ ಕೇಳಿದೆವು. ಅದರಿಂದ ಪರಿಹಾರಕ್ಕೆ ಅರ್ಜಿ ನಿಲ್ಲುವುದಿಲ್ಲ ಅಂತ ವಕೀಲರು ಹೇಳಿದರು. ನಾವು ಕೆಲಸ ಮಾಡುತ್ತಿದ್ದಾಗ ಇದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಬೆಂಜೀನ್ ವಿಷವೂ ಇತ್ತು, ಪೆಟ್ರೋಲಿನ ಸೀಸದ ವಿಷವೂ ಇತ್ತು. ವಿಷದ ಆವಿ ಇರುವ ಟ್ಯಾಂಕಿಗೆ ಜನರನ್ನು ಹೇಗೆ ಇಳಿಸಬೇಕು ಅಂತ ಪ್ರತ್ಯೇಕ ಕಲಮೇ ಇತ್ತು. ಇಪ್ಪತ್ತೈದು ವರ್ಷ ಫೋರ್‌ಮನ್ ಆಗಿದ್ದ ನಾನು ಅದನ್ನು ಓದಿದ್ದು ನಿವೃತ್ತನಾದ ಮೇಲೆ. ಗೆಳೆಯ 2011ರಲ್ಲಿ ತೀರಿಕೊಂಡ. ನಲವತ್ತಾರು ವಯಸ್ಸು.

ಈಗ ಸ್ವಲ್ಪ ದೂರದ ಮಾತು. ನನ್ನ ಮಗಳು ಆಸ್ಟ್ರೇಲಿಯಾದ ಬ್ರಿಸ್ಬೇನ್ ಕಡೆ ನರ್ಸ್ ಆಗಿದ್ದಾಳೆ. 2023ರಲ್ಲಿ ನಿವೃತ್ತನಾದ ಮೇಲೆ ಎರಡು ತಿಂಗಳು ಅಲ್ಲಿದ್ದೆ. ಒಂದು ದಿನ ಗೆಳೆಯನ ವಿಷಯ ಮಾತಾಡುವಾಗ ಅವಳು, "ಅಪ್ಪ, ಇಲ್ಲೇ ಹತ್ತಿರದಲ್ಲಿ ನಿಮ್ಮಂಥವರದ್ದೇ ಒಂದು ದೊಡ್ಡ ಕಥೆ ನಡೆದಿದೆ" ಅಂದಳು. ಬ್ರಿಸ್ಬೇನಿನ ಪಶ್ಚಿಮಕ್ಕೆ ಇಪ್ಸ್‌ವಿಚ್ ಎಂಬ ಊರು, ಅದರ ಪಕ್ಕದಲ್ಲಿ ಆಂಬರ್ಲಿ ವಾಯುಪಡೆ ನೆಲೆ. ಅಲ್ಲಿ ಎಫ್-111 ಎಂಬ ಯುದ್ಧವಿಮಾನಗಳಿದ್ದವು, ಅಮೆರಿಕದಿಂದ 1973ರಲ್ಲಿ ತಂದದ್ದು. ಆ ವಿಮಾನದಲ್ಲಿ ಎಣ್ಣೆಗೆ ಬೇರೆ ಚೀಲವೋ ಡಬ್ಬವೋ ಇಲ್ಲ. ವಿಮಾನದ ಮೈಯೇ, ರೆಕ್ಕೆಯೇ ಟ್ಯಾಂಕು. ತಗಡಿನ ಸಂದುಗಳಿಗೆ ಸೀಲೆಂಟ್ ಹಚ್ಚಿ ಎಣ್ಣೆ ನಿಲ್ಲಿಸಬೇಕು. ಕಾಲ ಕಳೆದಂತೆ ಸೀಲೆಂಟ್ ಕೆಟ್ಟು ಸೋರತೊಡಗಿತು. ಹಳೆಯದನ್ನು ಕೆರೆದು ತೆಗೆದು ಹೊಸದು ಹಚ್ಚಲು ಮನುಷ್ಯರೇ ಟ್ಯಾಂಕಿನೊಳಗೆ ತೆವಳಿಕೊಂಡು ಹೋಗಬೇಕು. ಇದು 1977ರಿಂದ 1999ರವರೆಗೆ ನಾಲ್ಕು ಕಂತುಗಳಲ್ಲಿ ನಡೆಯಿತು. ಹೋದವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರು.

ಅವರಿಗೆ ಎಣ್ಣೆಯ ಆವಿಯ ಜೊತೆಗೆ ಇನ್ನೊಂದು ಕಾಟ. ಸೀಲೆಂಟ್ ಕರಗಿಸಲು ಎಸ್‌ಆರ್-51 ಎಂಬ ದ್ರಾವಣ. ಅದರ ದುರ್ವಾಸನೆ ಎಂಥದ್ದೆಂದರೆ ಸ್ನಾನ ಮಾಡಿದರೂ ಹೋಗುವುದಿಲ್ಲ. ಬೆವರಿನಲ್ಲಿ, ಹಾಸಿಗೆಯಲ್ಲಿ, ಹೆಂಡತಿ ಒಗೆಯುವ ಬಟ್ಟೆಯಲ್ಲಿ ಅದೇ ವಾಸನೆ. ಜೊತೆಯವರು ಪಕ್ಕದಲ್ಲಿ ಕೂತು ಉಣ್ಣಲು ಒಪ್ಪುತ್ತಿರಲಿಲ್ಲವಂತೆ. ಮಗಳು ಇದನ್ನು ಓದಿ ಹೇಳುವಾಗ ನನಗೆ ಒಂದು ಬಸ್ಸಿನ ನೆನಪಾಯಿತು. ವರ್ಕ್‌ಶಾಪ್ ಮುಗಿಸಿ ಬಸ್ಸು ಹತ್ತಿದರೆ ನಮ್ಮ ಪಕ್ಕದ ಸೀಟು ಕೊನೆಯವರೆಗೂ ಖಾಲಿ. ನಾವು ಅದನ್ನೇ ಸೌಕರ್ಯ ಅಂದುಕೊಂಡು ಕಾಲು ಚಾಚಿ ಕೂರುತ್ತಿದ್ದೆವು.

ಮುಖವಾಡ, ಕೈಗವಸು ಅವರಿಗೆ ಕೊಡಲಿಲ್ಲ ಅಂತಲ್ಲ. ಆದರೆ ಒಳಗೆ ಇಕ್ಕಟ್ಟು, ಸೆಕೆ. ಅದನ್ನು ಹಾಕಿಕೊಂಡು ಆ ಸಂದಿನಲ್ಲಿ ತಿರುಗಲಾಗದೆ ತೆಗೆದಿಟ್ಟು ಕೆಲಸ ಮಾಡಿದವರು ಬಹಳ. ತಲೆನೋವು, ಚರ್ಮದ ಗುಳ್ಳೆ, ಮರೆವು, ಸಿಡುಕು ಅಂತ ಹೇಳಿಕೊಂಡವರಿದ್ದರು. ಆದರೂ ಕೆಲಸ ಇಪ್ಪತ್ತೆರಡು ವರ್ಷ ನಡೆಯಿತು. 2000ದ ಜನವರಿಯಲ್ಲಿ ನಿಲ್ಲಿಸಿ ವಿಚಾರಣಾ ಮಂಡಳಿ ಕೂರಿಸಿದರು. 2001ರ ವರದಿ ಪ್ರಕಾರ 400ಕ್ಕೂ ಹೆಚ್ಚು ಮಂದಿಯ ಆರೋಗ್ಯಕ್ಕೆ ದೀರ್ಘಕಾಲದ ಹಾನಿಯಾಗಿತ್ತು. ಆಮೇಲೆ ಆ ಕೆಲಸಗಾರರನ್ನು ಬೇರೆ ಸಿಬ್ಬಂದಿಯ ಜೊತೆ ಹೋಲಿಸಿ ಅಧ್ಯಯನ ಮಾಡಿದರು. 2004ರಲ್ಲಿ ಬಂದ ಅದರ ವರದಿಯಲ್ಲಿ ಖಿನ್ನತೆ, ಆತಂಕ, ನೆನಪಿನ ತೊಂದರೆ, ಗಂಡಸರು ಹೊರಗೆ ಹೇಳಿಕೊಳ್ಳದ ತೊಂದರೆ, ಎಲ್ಲ ಇವರಲ್ಲಿ ಹೆಚ್ಚು. ಕ್ಯಾನ್ಸರ್ ಕೂಡ ಹೆಚ್ಚು. ನಾವು ಶ್ವಾಸಕೋಶ, ರಕ್ತ ಅಂತ ಮಾತ್ರ ಯೋಚಿಸುತ್ತೇವೆ. ಮನೆಯಲ್ಲಿ ಸುಮ್ಮಸುಮ್ಮನೆ ಸಿಟ್ಟು ಮಾಡುವ, ಸ್ಪ್ಯಾನರ್ ಇಟ್ಟ ಜಾಗ ಮರೆಯುವ ಮೆಕ್ಯಾನಿಕ್‌ಗಳನ್ನು ನಾನು ಎಷ್ಟು ಜನ ಕಂಡಿಲ್ಲ! ವಯಸ್ಸಾಯಿತು, ಇಲ್ಲ ಕುಡಿತ ಹೆಚ್ಚಾಯಿತು ಅನ್ನುತ್ತಿದ್ದೆವು. ನನ್ನ ಹೆಂಡತಿ ಆ ವರದಿಯ ಮಾತು ಕೇಳಿಸಿಕೊಂಡು ನನ್ನ ಕಡೆ ಒಂದು ಸಲ ನೋಡಿದಳು. ನಾನು ಕಿಟಕಿ ಕಡೆ ತಿರುಗಿದೆ.

ಆ ವರದಿಯಲ್ಲಿ ನನಗೆ ನಾಟಿದ್ದು ಇನ್ನೊಂದು. ಹಾರುವ ವಿಮಾನಕ್ಕೆ, ಪೈಲಟ್‌ಗೆ ಏನೂ ಆಗದಂತೆ ಅಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನೆಲದ ಮೇಲೆ ಕೆಲಸ ಮಾಡುವವನ ಆರೋಗ್ಯಕ್ಕೆ ಅಷ್ಟು ಎಚ್ಚರ ಇರಲಿಲ್ಲ. ಯಾರೋ ಒಬ್ಬ ಕೆಟ್ಟವನಿಂದ ಆದದ್ದಲ್ಲ, ವ್ಯವಸ್ಥೆಯೇ ಹಾಗಿತ್ತು ಅಂತ ಮಂಡಳಿ ಕಂಡುಕೊಂಡಿತು. ಆ ಮಾತಿನಿಂದ ನನಗೆ ಸಮಾಧಾನವೂ ಆಯಿತು, ಆಗಲೂ ಇಲ್ಲ. ವ್ಯವಸ್ಥೆ ಹಾಗಿತ್ತು ಸರಿ. ಆದರೆ ಹಾಲು ತರಿಸಿ ಕುಡಿಸಿ, "ಇಳಿಯಪ್ಪ" ಅಂದ ಬಾಯಿ ನನ್ನದೇ.

2005ರಲ್ಲಿ ಆ ಸರ್ಕಾರ ಕೆಲವರಿಗೆ 40,000, ಕೆಲವರಿಗೆ 10,000 ಡಾಲರ್ ಕೊಟ್ಟಿತು. ಪಟ್ಟಿಯಿಂದ ಹೊರಗುಳಿದವರು ಬಿಡಲಿಲ್ಲ. ಸಂಸತ್ತಿನ ಸಮಿತಿ ಮತ್ತೆ ವಿಚಾರಣೆ ಮಾಡಿ 2009ರಲ್ಲಿ ವರದಿ ಕೊಟ್ಟಿತು, ಮರುವರ್ಷ ಸರ್ಕಾರ ಸೌಲಭ್ಯವನ್ನು ಇನ್ನಷ್ಟು ಜನಕ್ಕೆ ವಿಸ್ತರಿಸಿತು. ಆ ವಿಮಾನಗಳೂ 2010ರ ಕೊನೆಗೆ ನಿವೃತ್ತಿಯಾದವು. ಅಲ್ಲಿ ಇಷ್ಟಾದರೂ ಆಗಿದ್ದಕ್ಕೆ ಒಂದು ಕಾರಣ, ಯಾರು ಯಾವಾಗ ಅಲ್ಲಿ ಕೆಲಸಕ್ಕಿದ್ದರು ಅಂತ ವಾಯುಪಡೆಯ ದಾಖಲೆ ಇತ್ತು. ಅದರಲ್ಲೂ ಎಷ್ಟೋ ಹೆಸರು ಬಿಟ್ಟುಹೋಗಿ ಜನ ಕಷ್ಟಪಟ್ಟರಂತೆ. ನಮ್ಮ ವರ್ಕ್‌ಶಾಪಿನಲ್ಲಿ ಹಾಜರಿ ಪುಸ್ತಕದಲ್ಲಿ ಹೆಲ್ಪರುಗಳ ಹೆಸರೇ ಇರುತ್ತಿರಲಿಲ್ಲ.

ನಮ್ಮೂರಿಗೆ ಬರುತ್ತೇನೆ. ಹೆದ್ದಾರಿ ಅಗಲವಾದ ಮೇಲೆ ಈ ಸುತ್ತಿನಲ್ಲಿ ಹನ್ನೊಂದು ಗ್ಯಾರೇಜು, ಮೂರು ಬಂಕು ಆಗಿವೆ. ಹೋದ ವಾರ ಒಂದೊಂದಕ್ಕೂ ಹೋಗಿ ಕೂತು ಬಂದೆ. ಎರಡು ಕಡೆ ಹುಡುಗರು ಇನ್ನೂ ಪೆಟ್ರೋಲಿನಲ್ಲೇ ಕೈ ತೊಳೆಯುತ್ತಿದ್ದಾರೆ. ಒಬ್ಬ ನನ್ನ ಎದುರಿಗೇ ಬಾಯಲ್ಲಿ ಡೀಸೆಲು ಎಳೆದ. ನೂರು ಚಿಲ್ಲರೆ ರೂಪಾಯಿಗೆ ಕೈಪಂಪು ಸಿಗುತ್ತದೆ ಕಣಯ್ಯ ಅಂದೆ. ಡೀಸೆಲಾಗಲಿ ಸೀಮೆಎಣ್ಣೆಯಾಗಲಿ ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯ ಆಗುತ್ತದೆ. ತಾಯಂದಿರು ಇದನ್ನು ನೆನಪಿಡಿ. ಮನೆಯಲ್ಲಿ ಮಗು ಸೀಮೆಎಣ್ಣೆ ಕುಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಬರುವಾಗಲೇ ಅದು ಶ್ವಾಸಕೋಶಕ್ಕೆ ಜಾರುವುದು. ನೇರ ಆಸ್ಪತ್ರೆಗೆ ಓಡಿ.

ಕೈಗೆ ನೈಟ್ರೈಲ್ ಗ್ಲೌಸು ಬೇಕು. ಡಾಕ್ಟರ ಬಿಳಿ ರಬ್ಬರ್ ಗ್ಲೌಸಿನಲ್ಲಿ ಪೆಟ್ರೋಲು ತೂರಿ ಬರುತ್ತದೆ. ಬಟ್ಟೆಯ ಮಾಸ್ಕು ಧೂಳಿಗೆ, ಆವಿಗಲ್ಲ. ಕೆಲಸದ ಬಟ್ಟೆಯಲ್ಲೇ ಮಗು ಎತ್ತಿಕೊಳ್ಳಬೇಡಿ. ಶೆಡ್ಡಿನ ಬಾಗಿಲು ಮುಚ್ಚಿ ಇಂಜಿನ್ ಓಡಿಸಬೇಡಿ. ಟ್ಯಾಂಕಿನ ವಿಷಯ ಮಾತ್ರ ಇಷ್ಟು ಸುಲಭವಿಲ್ಲ. ಒಳಗಿನ ಗಾಳಿಯನ್ನು ಮೀಟರಿನಲ್ಲಿ ಅಳೆಯದೆ, ಹೊರಗಿನ ಗಾಳಿ ಫ್ಯಾನಿನಲ್ಲಿ ತುಂಬದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಬಾಯಿಯಲ್ಲಿ ಒಬ್ಬ ನಿಲ್ಲದೆ ಯಾರೂ ಇಳಿಯಬಾರದು. ಅಷ್ಟೆಲ್ಲ ಆಗದ ಗ್ಯಾರೇಜು ಆ ಕೆಲಸ ಹಿಡಿಯಬಾರದು. ಒಳಗಿದ್ದವನು ಬಿದ್ದರೆ ಹಗ್ಗ ಎಳೆಯಿರಿ, ನೀವು ಇಳಿಯಬೇಡಿ. ನನ್ನ ಗೆಳೆಯ ಇಳಿದದ್ದು ಧೈರ್ಯ, ಒಪ್ಪುತ್ತೇನೆ. ಆದರೂ ಹೇಳುತ್ತೇನೆ, ಇಳಿಯಬೇಡಿ.

ಗ್ಯಾರೇಜಿನ ಮಾಲೀಕರು ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ಜನ ಇದೇ ಶಾಲೆಯವರು, ನಿಮ್ಮ ಮೂಗಿಗೂ ಅದೇ ಗಾಳಿ. ಹುಡುಗರ ಹೆಸರು, ಸೇರಿದ ದಿನ, ಮಾಡಿದ ಕೆಲಸ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಮ್ಮ 1981ರ ಬ್ಯಾಚಿನವರು ಸ್ವಲ್ಪ ಹಣ ಸೇರಿಸಿದ್ದೇವೆ. ಕಟ್ಟಡಕ್ಕೆ ಕೊಡೋಣ ಅಂತ ಮೊದಲು ಮಾತಾಗಿತ್ತು. ಗೆಳೆಯನ ಮನೆಗೆ ಹೋಗಿ ಅವನ ಹೆಂಡತಿಯನ್ನು ಕೇಳಿದೆ. ಆಯಮ್ಮ, "ಕಲ್ಲಿನ ಮೇಲೆ ಹೆಸರು ಬೇಡಣ್ಣ, ಹುಡುಗ್ರ ರಕ್ತ ಪರೀಕ್ಷೆ ಮಾಡ್ಸಿ" ಅಂದರು. ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇದೇ ಶಾಲೆಯ ಎಂಟನೇ ತರಗತಿ ಕೊಠಡಿಯಲ್ಲಿ ಗ್ಯಾರೇಜು, ಬಂಕು, ಟ್ರ್ಯಾಕ್ಟರ್ ರಿಪೇರಿಯ ಎಲ್ಲರಿಗೂ ರಕ್ತಕಣದ ಪರೀಕ್ಷೆ ಇಟ್ಟುಕೊಂಡಿದ್ದೇವೆ. ಹಣ ಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಮಾಡಿಸಿ ಚೀಟಿ ಇಟ್ಟುಕೊಂಡರೆ ಕಣ ಇಳಿಯುತ್ತಿರುವುದು ಬೇಗ ಗೊತ್ತಾಗುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ, "ಸಾರ್, ನಾನು ಗ್ಯಾರೇಜಿನಲ್ಲಿದ್ದೀನಿ" ಅಂತ. ಗ್ಲೌಸಿನ ಎರಡು ಪೆಟ್ಟಿಗೆ ನನ್ನ ಸ್ಕೂಟರಿನ ಹತ್ತಿರ ಇವೆ, ಊಟ ಆದ ಮೇಲೆ ಬಂದು ತೆಗೆದುಕೊಳ್ಳಿ. ದೊಡ್ಡ ಸೈಜು ಕಡಿಮೆ ಇದೆ, ದಪ್ಪ ಕೈಯವರು ಬೇಗ ಬನ್ನಿ.